ಮೊದಲ ಮದ್ದಿಗೆ ಬಗ್ಗಲಿಲ್ಲ

ಜೂನ್ ತಿಂಗಳಲ್ಲಿ ನೂರಕ್ಕೆ 71ರಷ್ಟಿದ್ದ ಬ್ಲಾಸ್ಟ್ ಕಣಗಳು, ಅಂದರೆ ನನ್ನ ರಕ್ತದ ಕ್ಯಾನ್ಸರಿನ ಬಲಿಯದ ಕಣಗಳು, ಮೊದಲ ಕೀಮೊ ಆದಮೇಲೆ 2024ರ ಜುಲೈ 20ರ ಬೋನ್‌ಮ್ಯಾರೋ (ಮೂಳೆಮಜ್ಜೆ) ವರದಿಯಲ್ಲಿ 34ಕ್ಕೆ ಇಳಿದಿದ್ದವು. ಮುಂಬಯಿಯ ಫೋರ್ಟಿನ ಕಚೇರಿಯೊಂದರಲ್ಲಿ ಇಪ್ಪತ್ತೆರಡು ವರ್ಷ ಲೆಕ್ಕಪತ್ರ ಬರೆದ ನನ್ನ ಕಣ್ಣಿಗೆ ಅದು ಅರ್ಧಕ್ಕಿಂತ ಹೆಚ್ಚಿನ ಇಳಿಕೆ. ಹೆಂಡತಿಗೆ ಹಾಗೆಂದೇ ಹೇಳಿದೆ, ಅವಳು ಡೊಂಬಿವಲಿಯ ಮನೆಯಲ್ಲಿದ್ದ ಮಗನಿಗೂ ಕುಂದಾಪುರದ ಅಕ್ಕನಿಗೂ ಫೋನು ಮಾಡಿ ಸಿಹಿಸುದ್ದಿ ಕೊಟ್ಟದ್ದೂ ಆಯಿತು. ಸಂಜೆ ಬಂದ ವೈದ್ಯರು ಆ ಅಂಕಿಯನ್ನು ನಾವು ಓದಿದಂತೆ ಓದಲಿಲ್ಲ. ಈ ಕಾಯಿಲೆಯಲ್ಲಿ ಅರ್ಧ ಇಳಿಕೆಗೆ ಹೆಚ್ಚು ಬೆಲೆಯಿಲ್ಲ, ಮ್ಯಾರೋದಲ್ಲಿ ಬ್ಲಾಸ್ಟ್ ನೂರಕ್ಕೆ ಐದಕ್ಕಿಂತ ಕೆಳಗಿಳಿದು ಒಳ್ಳೆಯ ಕಣಗಳು ತಾವಾಗಿ ಮೇಲೆದ್ದರೆ ಮಾತ್ರ ರೆಮಿಷನ್, ಅಂದರೆ ರೋಗ ಹಿಂದೆ ಸರಿಯಿತು, ಎನ್ನುತ್ತೇವೆ, ಎಂದರು. ಆಮೇಲೆ ಒಂದು ಶಬ್ದ ಬಳಸಿದರು: ರಿಫ್ರ್ಯಾಕ್ಟರಿ.

ಆ ಶಬ್ದವನ್ನು ನಾನು ಚಿಕ್ಕಂದಿನಲ್ಲೇ ಕೇಳಿದ್ದೆ. ಅಪ್ಪ ಊರಿನ ಹೆಂಚಿನ ಕಾರ್ಖಾನೆಯಲ್ಲಿ ಭಟ್ಟಿಯ ಕೆಲಸಕ್ಕಿದ್ದವನು. ಭಟ್ಟಿಯ ಒಳಮೈಗೆ ಕಟ್ಟುವ, ಎಷ್ಟು ಬೆಂಕಿ ಹಾಕಿದರೂ ಕರಗದ ಇಟ್ಟಿಗೆಗೆ ಅವನು ರಿಫ್ರ್ಯಾಕ್ಟರಿ ಇಟ್ಟಿಗೆ ಎನ್ನುತ್ತಿದ್ದ. ಹಾಗಾಗಿ ವೈದ್ಯರು ಅರ್ಥ ಬಿಡಿಸಿ ಹೇಳುವ ಮೊದಲೇ ನನಗೆ ವಿಷಯ ತಿಳಿದುಹೋಗಿತ್ತು.

ಕಾಯಿಲೆ ಶುರುವಾದದ್ದು ಜೂನ್ ಎರಡನೆಯ ವಾರದಲ್ಲಿ, ಹಲ್ಲುಜ್ಜುವಾಗ ವಸಡಿನಿಂದ ಬಂದ ರಕ್ತದಿಂದ. ಜ್ವರವೂ ಇತ್ತು. ಮಳೆ ಹಿಡಿದಿದ್ದ ದಿನಗಳು, ನಮ್ಮ ಸೊಸೈಟಿಯಲ್ಲಿ ಇಬ್ಬರಿಗೆ ಡೆಂಗಿ ಆಗಿತ್ತು. ನನ್ನ ಪ್ಲೇಟ್‌ಲೆಟ್ 18,000 ಎಂದು ಬಂದಾಗ ಪರಂಗಿ ಎಲೆಯ ರಸದ ಲೋಟಗಳು ಮೂರು ಮನೆಗಳಿಂದ ಬಂದವು. ಆದರೆ ಡೆಂಗಿಯಲ್ಲಿ ಬಿಳಿ ರಕ್ತಕಣಗಳು ಸಾಮಾನ್ಯವಾಗಿ ಇಳಿಯುತ್ತವೆ, ನನ್ನವು 48,000ಕ್ಕೆ ಏರಿದ್ದವು. ಲ್ಯಾಬಿನವರು ಸ್ಲೈಡ್ ನೋಡಿ ಅದೇ ಸಂಜೆ ಫೋನು ಮಾಡಿದರು. ಮೂರು ದಿನಗಳಲ್ಲಿ ಹೆಸರು ಗೊತ್ತಾಯಿತು: ಅಕ್ಯೂಟ್ ಮೈಲಾಯ್ಡ್ ಲ್ಯುಕೇಮಿಯ, ಎಲ್ಲರೂ ಎಎಮ್‌ಎಲ್ ಎನ್ನುವುದು. ಆಗ ನನಗೆ ನಲವತ್ತಾರು ವರ್ಷ.

ಜೂನ್ 20ರಂದು, ಮನೆಗೆ ಹತ್ತಿರದ ಒಂದು ಖಾಸಗಿ ಆಸ್ಪತ್ರೆಯಲ್ಲಿ, ಮೊದಲ ಕೀಮೊ ಹತ್ತಿಸಿದರು. ಅದಕ್ಕೆ ವಾರ್ಡಿನಲ್ಲಿ ಸೆವೆನ್ ಪ್ಲಸ್ ತ್ರೀ ಎಂದು ಹೆಸರು: ಏಳು ದಿನ ಹಗಲೂ ರಾತ್ರಿ ಬಿಡದೆ ಹರಿಯುವ ಸೈಟರಾಬಿನ್, ಮೊದಲ ಮೂರು ದಿನ ಅದರ ಜೊತೆಗೆ ಡೌನೊರುಬಿಸಿನ್ ಎಂಬ, ಕೋಕಮ್ ಶರಬತ್ತಿನಷ್ಟು ಕೆಂಪಾದ ಔಷಧಿ. ಸುಮಾರು ಅರ್ಧ ಶತಮಾನದಿಂದ ಜಗತ್ತಿನ ಎಲ್ಲೆಡೆ ಈ ಕಾಯಿಲೆಗೆ ಕೊಡುತ್ತ ಬಂದಿರುವ ಜೋಡಿ ಅದು. ನನ್ನ ವಯಸ್ಸಿನವರಲ್ಲಿ ಬಹುಪಾಲು ಜನರಿಗೆ ಅದರಿಂದ ರೆಮಿಷನ್ ಸಿಗುತ್ತದೆ; ಸಿಗದವರೂ ಕಡಿಮೆಯಿಲ್ಲ. ಆದರೆ ಸೇರಿದ ದಿನ ನಮ್ಮ ಕಿವಿಗೆ ಬಿದ್ದದ್ದು ಮೊದಲ ವಾಕ್ಯ ಮಾತ್ರ.

ಆ ಇಪ್ಪತ್ತೆಂಟು ದಿನಗಳ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಕೂದಲು, ಬಾಯಿಹುಣ್ಣು, ವಾಂತಿ ಇವುಗಳ ಕಥೆಯನ್ನು ಎಲ್ಲರೂ ಕೇಳಿರುತ್ತಾರೆ. ಜುಲೈ 8ನ್ನು ಮಾತ್ರ ಮರೆಯಲಾಗದು. ಹಿಂದಿನ ರಾತ್ರಿಯಿಂದ ಬೆಳಗಿನವರೆಗೆ ಮುಂಬಯಿಯ ಹಲವು ಕಡೆ ಆರೇ ಗಂಟೆಗಳಲ್ಲಿ 300 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿದು ಲೋಕಲುಗಳು ನಿಂತುಹೋದವು. ಅಂದು ನನ್ನ ಪ್ಲೇಟ್‌ಲೆಟ್ 6,000. ಪ್ಲೇಟ್‌ಲೆಟ್ ಕೊಡಬೇಕಾಗಿದ್ದ ಹುಡುಗ ಕುರ್ಲಾದಲ್ಲಿ ಸಿಕ್ಕಿಬಿದ್ದಿದ್ದ. ಕೆಂಪು ರಕ್ತವನ್ನು ವಾರಗಟ್ಟಲೆ ಫ್ರಿಜ್ಜಿನಲ್ಲಿ ಇಡಬಹುದು, ಪ್ಲೇಟ್‌ಲೆಟ್ಟನ್ನು ಹಾಗಲ್ಲ. ಕೋಣೆಯ ಉಷ್ಣಾಂಶದಲ್ಲಿ, ತೊಟ್ಟಿಲಿನಂತೆ ತೂಗುವ ಯಂತ್ರದ ಮೇಲೆ, ಐದು ದಿನ ಇಟ್ಟರೆ ಹೆಚ್ಚು. ಆದ್ದರಿಂದ ರಕ್ತನಿಧಿಗಳಲ್ಲಿ ಅದರ ದಾಸ್ತಾನು ಯಾವಾಗಲೂ ತೆಳುವಾಗಿಯೇ ಇರುತ್ತದೆ. ಅಂದು ಸಂಜೆ ಐದರವರೆಗೆ ನಾನು ಕೆಮ್ಮು ಬಂದರೂ ತಡೆದುಕೊಂಡು ಮಲಗಿದ್ದೆ.

ಈಗ ಒಂದು ದೂರು. ರಿಫ್ರ್ಯಾಕ್ಟರಿ ಎಂಬ ಮಾತು ಕೇಳಿದ ರಾತ್ರಿ ನಿದ್ದೆ ಬಾರದೆ ನನ್ನ ಕೇಸಿನ ಫೈಲನ್ನು ತರಿಸಿಕೊಂಡು, ಅಭ್ಯಾಸಬಲದಿಂದ, ಕೊನೆಯ ಹಾಳೆಯಿಂದ ಮೊದಲ ಹಾಳೆಗೆ ತಿರುಗಿಸುತ್ತ ಹೋದೆ. ಇನ್ಶೂರೆನ್ಸಿನ ಕಾಗದಗಳ ನಡುವೆ ಒಂದು ಲಕೋಟೆಯಿತ್ತು. ಒಳಗಿದ್ದದ್ದು ಜೂನ್ ತಿಂಗಳ ಮ್ಯಾರೋದಿಂದ ಮಾಡಿದ ಜೀನ್ ಪರೀಕ್ಷೆಯ ವರದಿ. ಅದು ಬಂದು ಹದಿನಾರು ದಿನಗಳಾಗಿದ್ದವು. ಕ್ರೋಮೊಸೋಮುಗಳು ಸರಿಯಾಗಿವೆ, ಎಫ್‌ಎಲ್‌ಟಿ3, ಐಡಿಎಚ್1, ಐಡಿಎಚ್2 ಎಂಬ ಜೀನುಗಳಲ್ಲಿ ಬದಲಾವಣೆಯಿಲ್ಲ, ಆದರೆ ರನ್‌ಎಕ್ಸ್1 ಎಂಬ ಜೀನಿನಲ್ಲಿ ಬದಲಾವಣೆಯಿದೆ ಎಂದು ಅದರಲ್ಲಿತ್ತು, ಮತ್ತು ಕೆಳಗೆ ದಪ್ಪ ಅಕ್ಷರದಲ್ಲಿ, ಇದು ಪ್ರತಿಕೂಲ ಗುಂಪು ಎಂದು. ಆ ಗುಂಪಿನ ಕಾಯಿಲೆ ಮೊದಲ ಕೀಮೊಗೆ ಬಗ್ಗದಿರುವ ಸಂಭವ ಹೆಚ್ಚು. ಬಗ್ಗಿದರೂ ಕೀಮೊದಿಂದಷ್ಟೇ ಉಳಿಯುವುದು ಕಷ್ಟವಾದ್ದರಿಂದ ಬೋನ್‌ಮ್ಯಾರೋ ಕಸಿಗೆ ಯಾರದು ಹೊಂದುತ್ತದೆ ಎಂದು ತಿಳಿಸುವ ಎಚ್‌ಎಲ್‌ಎ ಪರೀಕ್ಷೆಯನ್ನು ಒಡಹುಟ್ಟಿದವರಿಗೆ ಆರಂಭದಲ್ಲೇ ಮಾಡಿಸಿಡಬೇಕು. ಲಕೋಟೆಯನ್ನು ಯಾರೂ ನಮ್ಮೆದುರು ಬಿಚ್ಚಿರಲಿಲ್ಲ. ಕೇಳಿದಾಗ, ಅದರಿಂದ ಮೊದಲ ಕೀಮೊ ಬದಲಾಗುತ್ತಿರಲಿಲ್ಲವಲ್ಲ ಎಂಬ ಉತ್ತರ ಬಂತು. ಮಾತು ಸರಿಯೇ. ಆದರೆ ಹದಿನಾರು ದಿನ ಮೊದಲೇ ಅಕ್ಕ ಊರಿನಿಂದ ಹೊರಡುತ್ತಿದ್ದಳು.

ಮರುದಿನವೇ ಸ್ಲೈಡುಗಳನ್ನೂ ವರದಿಗಳನ್ನೂ ಕಟ್ಟಿಕೊಂಡು ಎರಡನೆಯ ಅಭಿಪ್ರಾಯಕ್ಕೆ ಪರೇಲಿನ ಟಾಟಾ ಸ್ಮಾರಕ ಆಸ್ಪತ್ರೆಗೆ ಹೋಗುವುದೆಂದು ನಿಶ್ಚಯಿಸಿದೆವು. 1941ರಿಂದ ಕ್ಯಾನ್ಸರಿಗೆಂದೇ ಇರುವ ಆ ಆಸ್ಪತ್ರೆಯ ಎದುರಿನ ಫುಟ್‌ಪಾತಿನಲ್ಲಿ ಬಿಹಾರ, ಬಂಗಾಳ, ನಮ್ಮ ಕಲಬುರಗಿ ಕಡೆಯವರೂ ಸೇರಿ ಎಷ್ಟೋ ಸಂಸಾರಗಳು ಗಂಟು ಬಿಚ್ಚಿ ಕುಳಿತಿರುವುದನ್ನು ದಾಟಿಕೊಂಡು ಒಳಗೆ ಹೋಗಬೇಕು. ಕಾದದ್ದು ಅರ್ಧ ದಿನ. ನನ್ನ ಪುಣ್ಯಕ್ಕೆ ಅಲ್ಲಿದ್ದ ಕಿರಿಯ ವೈದ್ಯರೊಬ್ಬರು ಹುಬ್ಬಳ್ಳಿಯವರು. ಹಿರಿಯರು ಹಿಂದಿ, ಇಂಗ್ಲಿಷುಗಳಲ್ಲಿ ಹೇಳಿದ್ದನ್ನು ಅವರು ಹೆಂಡತಿಗಾಗಿ ಇನ್ನೊಮ್ಮೆ ಕನ್ನಡದಲ್ಲಿ ಹೇಳಿದರು, ಹಾಗಾಗಿ ಪ್ರತಿಯೊಂದು ಮಾತನ್ನೂ ನಾನು ಎರಡು ಸಲ ಕೇಳಿದಂತಾಯಿತು.

ಅವರು ಮೊದಲು ಹೇಳಿದ್ದು ಮಾಡಬಾರದ್ದನ್ನು. ಮೊದಲ ಕೀಮೊವನ್ನೇ ಮತ್ತೊಮ್ಮೆ ಕೊಡುವ ಪದ್ಧತಿ ಇದೆ, ಎರಡು ಸಲ ಕೊಟ್ಟೂ ಇಳಿಯದಿದ್ದರೆ ಮಾತ್ರ ರಿಫ್ರ್ಯಾಕ್ಟರಿ ಎನ್ನುವ ಲೆಕ್ಕವೂ ಇದೆ, ಆದರೆ 34 ಉಳಿದಿರುವಾಗ, ರನ್‌ಎಕ್ಸ್1 ಇರುವಾಗ, ಅದೇ ಬಾಗಿಲನ್ನು ಮತ್ತೆ ತಟ್ಟುವುದು ಬೇಡ ಎಂದರು. ಮುಂದಿನ ಮಾತು ನನ್ನ ತಲೆಯಲ್ಲಿದ್ದ ಚಿತ್ರವನ್ನೇ ಬದಲಿಸಿತು. ಎರಡನೆಯ ಕೀಮೊ ಯಾವುದಾದರೂ ಅದು ನಿಮ್ಮನ್ನು ಗುಣಪಡಿಸುವುದಕ್ಕೆ ಅಂತ ಕೊಡೋದಲ್ರೀ, ಎಂದರು ಹುಬ್ಬಳ್ಳಿಯವರು. ಬ್ಲಾಸ್ಟನ್ನು ಐದರ ಕೆಳಗೆ ತಂದು, ಬೋನ್‌ಮ್ಯಾರೋ ಕಸಿಗೆ ನಾಲ್ಕಾರು ವಾರದ ಸಮಯ ಗಳಿಸುವುದಕ್ಕೆ ಕೊಡೋದು. ಆದ್ದರಿಂದ ಯಾವ ಮದ್ದು ಎಂದು ಕೇಳುವ ಮೊದಲು ದಾನಿ ಯಾರು ಎಂದು ಕೇಳಬೇಕು. ದೇಶದ ಮೊದಲ ಬೋನ್‌ಮ್ಯಾರೋ ಕಸಿ 1983ರಲ್ಲಿ ಇದೇ ಆಸ್ಪತ್ರೆಯಲ್ಲಿ, ಎಎಮ್‌ಎಲ್ ಇದ್ದ ಒಬ್ಬ ಹುಡುಗಿಗೆ ಅವಳ ಒಡಹುಟ್ಟಿದವನ ಮ್ಯಾರೋದಿಂದಲೇ ನಡೆಯಿತು ಎಂದು ಅವರು ಹೇಳಿದ್ದು ನನಗೆ ಧೈರ್ಯ ತುಂಬಲಿಕ್ಕಿರಬೇಕು.

ಮದ್ದಿನ ಮಾತು ಆಮೇಲೆ ಬಂತು. ಅವರ ಒಲವಿದ್ದದ್ದು ಫ್ಲ್ಯಾಗ್-ಐಡಾ ಎಂಬ ಮಿಶ್ರಣದ ಕಡೆಗೆ. ಅದರಲ್ಲಿ ನಾಲ್ಕು ಔಷಧಿಗಳಿವೆ: ಫ್ಲುಡರಾಬಿನ್, ಮತ್ತೆ ಅದೇ ಸೈಟರಾಬಿನ್, ಬಿಳಿಕಣಗಳನ್ನು ಬೆಳೆಸುವ ಜಿ-ಸಿಎಸ್‌ಎಫ್ ಇಂಜೆಕ್ಷನ್, ಮತ್ತು ಕೆಂಪು ಔಷಧಿಯ ಜಾತಿಗೇ ಸೇರಿದ ಇಡರುಬಿಸಿನ್. ಸೋತ ಮದ್ದನ್ನೇ ಮತ್ತೆ ಯಾಕೆ ಕೊಡುತ್ತೀರಿ ಎಂದು ಕೇಳಿದೆ. ಇದು ನನ್ನ ಇಡೀ ಚಿಕಿತ್ಸೆಯಲ್ಲಿ ನಾನು ಕೇಳಿದ ಅತ್ಯುತ್ತಮ ಪ್ರಶ್ನೆ ಎಂದು ಈಗಲೂ ಅಂದುಕೊಂಡಿದ್ದೇನೆ, ಏಕೆಂದರೆ ಅದಕ್ಕೆ ಬಂದ ಉತ್ತರ ಲೆಕ್ಕದ ಭಾಷೆಯಲ್ಲಿತ್ತು. ಮೊದಲ ಸಲ ಸೈಟರಾಬಿನ್ ಕೊಟ್ಟದ್ದು ಮೈಯ ಪ್ರತಿ ಚದರ ಮೀಟರಿಗೆ ದಿನಕ್ಕೆ 100 ಮಿಲಿಗ್ರಾಂ. ನನ್ನ ಮೈ 1.7 ಚದರ ಮೀಟರ್, ಆದ್ದರಿಂದ 170. ಈಗ ಕೊಡುವುದು ಚದರ ಮೀಟರಿಗೆ 2 ಗ್ರಾಂ, ಅಂದರೆ ನನಗೆ ದಿನಕ್ಕೆ 3,400 ಮಿಲಿಗ್ರಾಂ, ಇಪ್ಪತ್ತು ಪಟ್ಟು, ಅದೂ ಇಪ್ಪತ್ನಾಲ್ಕು ಗಂಟೆಗಳ ಬದಲು ನಾಲ್ಕೇ ಗಂಟೆಗಳಲ್ಲಿ. ಸಣ್ಣ ಪ್ರಮಾಣದಲ್ಲಿ ಈ ಔಷಧಿ ಕಣದೊಳಗೆ ಹೋಗಬೇಕಾದರೆ ಕಣದ ಗೋಡೆಯಲ್ಲಿರುವ ಸಾಗಣೆಯ ದ್ವಾರಗಳ ಮೂಲಕವೇ ಹೋಗಬೇಕು. ಮದ್ದಿಗೆ ಬಗ್ಗದ ಕಣಗಳಲ್ಲಿ ಆ ದ್ವಾರಗಳು ಕಡಿಮೆ ಇರಬಹುದು. ರಕ್ತದಲ್ಲಿ ಔಷಧಿ ಅಷ್ಟು ದಟ್ಟವಾದರೆ ದ್ವಾರಕ್ಕೆ ಕಾಯದೆ ಗೋಡೆಯ ಮೂಲಕವೇ ಇಂಗುತ್ತದೆ. ನಾಲ್ಕು ಗಂಟೆ ಮೊದಲು ಕೊಡುವ ಫ್ಲುಡರಾಬಿನ್, ಒಳಹೋದ ಸೈಟರಾಬಿನ್ ತನ್ನ ಕೊಲ್ಲುವ ರೂಪಕ್ಕೆ ಹೆಚ್ಚು ಹೆಚ್ಚಾಗಿ ಮಾರ್ಪಡುವಂತೆ ನೆಲ ಹದಮಾಡಿಡುತ್ತದೆ. ಇನ್ನು ಜಿ-ಸಿಎಸ್‌ಎಫ್: ಬೆಳೆಸುವ ಇಂಜೆಕ್ಷನ್ನನ್ನು ಕ್ಯಾನ್ಸರಿನ ನಡುವೆ ಕೊಡುವುದು ನನಗೆ ಹುಚ್ಚಾಟವೆನಿಸಿತ್ತು. ಕೀಮೊ ಕೊಲ್ಲುವುದು ವಿಭಜನೆಯಾಗುತ್ತಿರುವ ಕಣವನ್ನು. ಮಲಗಿರುವ ಕಣವನ್ನು ಎಬ್ಬಿಸಿ ಹೊರಗೆ ತಂದರೆ ತಾನೇ ಏಟು ಬೀಳುವುದು ಎಂದರು.

ಅದರ ಬೆಲೆಯನ್ನೂ ಅವರು ಮುಚ್ಚಿಡಲಿಲ್ಲ. ರೆಮಿಷನ್ ಸಿಗುವ ಸಂಭವ ಸರಿಸುಮಾರು ಅರ್ಧಕ್ಕರ್ಧ. ಮೂರು ವಾರಕ್ಕೂ ಮಿಕ್ಕಿ ಬಿಳಿಕಣ ಸೊನ್ನೆಯ ಹತ್ತಿರ ಇರುತ್ತದೆ, ಆಗ ಬರುವ ಸೋಂಕಿನಿಂದ ಇಪ್ಪತ್ತರಲ್ಲಿ ಒಬ್ಬರಿಬ್ಬರು ವಾರ್ಡಿನಿಂದ ಮನೆಗೆ ಹೋಗುವುದಿಲ್ಲ. ಹೃದಯದ ಲೆಕ್ಕ ಬೇರೆ: ಡೌನೊರುಬಿಸಿನ್‌ಗೆ ಜೀವಮಾನಕ್ಕೆ ಚದರ ಮೀಟರಿಗೆ ಸುಮಾರು 550 ಮಿಲಿಗ್ರಾಂ ಎಂಬ ಮಿತಿಯಿದೆ, ನನಗೆ 180 ಆಗಲೇ ಖರ್ಚಾಗಿತ್ತು, ಇಡರುಬಿಸಿನ್ ಅದೇ ಖಾತೆಗೆ ಬೀಳುವುದರಿಂದ ಮೊದಲು ಎಕೊ ಮಾಡಿಸಿ ಹೃದಯ ತಡೆಯುತ್ತದೆಯೇ ಎಂದು ನೋಡಬೇಕಾಗಿತ್ತು.

ಮೈಟೊಕ್ಸಾಂಟ್ರೋನ್, ಇಟೊಪೊಸೈಡ್, ಸೈಟರಾಬಿನ್ ಸೇರಿದ ಎಮ್‌ಇಸಿ ಎಂಬ ಇನ್ನೊಂದು ಮಿಶ್ರಣದ ಹೆಸರೂ ಬಂತು. ಮೈಟೊಕ್ಸಾಂಟ್ರೋನ್ ಕಡುನೀಲಿ, ಕೊಟ್ಟ ಮೇಲೆ ಮೂತ್ರ ಹಸಿರುನೀಲಿಯಾಗುತ್ತದೆ ಎಂಬುದನ್ನು ಬಿಟ್ಟರೆ ಅದರ ಬಗ್ಗೆ ನನಗೆ ಹೆಚ್ಚು ನೆನಪಿಲ್ಲ. ಫಲದಲ್ಲಿ ಎರಡಕ್ಕೂ ಅಂಥ ಅಂತರವಿಲ್ಲ, ಯಾವ ಆಸ್ಪತ್ರೆಯ ಕೈಗೆ ಯಾವುದು ಪಳಗಿದೆಯೋ ಅದನ್ನು ಕೊಡುವುದು ಮೇಲು ಎಂದರು.

ಹೆಂಡತಿ ಹಿಡಿದದ್ದು ವೆನೆಟೊಕ್ಲಾಕ್ಸ್ ಎಂಬ ಮಾತ್ರೆಯನ್ನು. ಏಳು ದಿನದ ಅಜಾಸಿಟಿಡಿನ್ ಇಂಜೆಕ್ಷನ್ನಿನ ಜೊತೆಗೆ ಕೊಡುವ ಮಾತ್ರೆ ಅದು; ಸಾಯಬೇಕಾದ ಕಣ ಸಾಯದಂತೆ ಹಿಡಿದಿಟ್ಟಿರುವ ಬಿಸಿಎಲ್-2 ಎಂಬ ಪ್ರೋಟೀನನ್ನು ತಡೆಯುತ್ತದೆ. ಭಾರೀ ಕೀಮೊದಷ್ಟು ಮೈ ಹಿಂಡುವುದಿಲ್ಲ, ಬಹಳಷ್ಟು ದಿನ ಮನೆಯಲ್ಲೇ ಇರಬಹುದು. ಅವಳ ಕಸಿನ್ ಯಾರೋ ಕಳಿಸಿದ ಒಂದು ಅಂಕಿಯೂ ಅವಳ ಬಳಿ ಇತ್ತು. ಹಿರಿಯ ವೈದ್ಯರು ಅದನ್ನು ನೋಡಿ, ಇದು ಸರಿಯಾದ ಅಧ್ಯಯನವೇ, ಆದರೆ ಇದರಲ್ಲಿದ್ದವರು ಭಾರೀ ಕೀಮೊ ತಡೆಯಲಾರದ ವಯಸ್ಸಾದವರು ಮತ್ತು ಅವರಿಗೆ ಇದೇ ಮೊದಲ ಚಿಕಿತ್ಸೆ. ಒಮ್ಮೆ ಮದ್ದಿಗೆ ಬಗ್ಗದವರಲ್ಲಿ ಫಲ ಇಷ್ಟಿರುವುದಿಲ್ಲ, ಈ ಅಂಕಿ ನಿಮ್ಮದಲ್ಲ, ಎಂದರು. ಬೇರೆಯವರ ಬ್ಯಾಲೆನ್ಸ್ ಶೀಟಿನಿಂದ ನನ್ನ ಲಾಭ ಎಣಿಸಿದಂತೆ ಎಂದು ನಾನು ಅವಳಿಗೆ ವಿವರಿಸಹೋಗಿ ಬೈಸಿಕೊಂಡೆ. ನನ್ನ ಹೃದಯವೋ ಶ್ವಾಸಕೋಶವೋ ಕೆಟ್ಟಿದ್ದರೆ ಅವರು ಆ ಮಾತ್ರೆಯನ್ನೇ ಆರಿಸುತ್ತಿದ್ದರು. ಫ್ಲ್ಯಾಗ್-ಐಡಾ ಸೋತರೆ ಅದು ಕೈಯಲ್ಲಿ ಉಳಿದಿರುತ್ತದೆ ಎಂದೂ ಹೇಳಿದರು.

ಎಫ್‌ಎಲ್‌ಟಿ3 ಇದ್ದಿದ್ದರೆ ಗಿಲ್ಟೆರಿಟಿನಿಬ್ ಎಂಬ ಮಾತ್ರೆ ಇತ್ತು. ಆ ಬದಲಾವಣೆಯಿದ್ದು ಮದ್ದಿಗೆ ಬಗ್ಗದವರಲ್ಲಿ ಅದನ್ನು ಕೀಮೊದೊಂದಿಗೆ ಹೋಲಿಸಿ ನೋಡಿದಾಗ ಬದುಕಿನ ಮಧ್ಯಮ ಅವಧಿ ಕೀಮೊದಲ್ಲಿ 5.6 ತಿಂಗಳು, ಮಾತ್ರೆಯಲ್ಲಿ 9.3 ತಿಂಗಳು. ಐಡಿಎಚ್ ಇದ್ದವರಿಗೂ ಬೇರೆ ಮಾತ್ರೆಗಳಿವೆ. ಲಕೋಟೆಯ ವರದಿ ನನಗೆ ಆ ಎರಡು ಬಾಗಿಲುಗಳನ್ನೂ ಮುಚ್ಚಿತ್ತು. ಇನ್ನೊಂದು ಬಾಗಿಲನ್ನು ನಮ್ಮ ನೆಂಟರು ದಿನಕ್ಕೆರಡು ಸಲ ವಾಟ್ಸಾಪಿನಲ್ಲಿ ತೆರೆಯುತ್ತಿದ್ದರು: ಆ ಏಪ್ರಿಲಿನಲ್ಲಷ್ಟೇ ರಾಷ್ಟ್ರಪತಿಯವರು ಪೊವಾಯಿಯ ಐಐಟಿಯಲ್ಲಿ ಉದ್ಘಾಟಿಸಿದ್ದ, ಐಐಟಿ ಮತ್ತು ಟಾಟಾ ಆಸ್ಪತ್ರೆ ಸೇರಿ ರೂಪಿಸಿದ, ರೋಗಿಯದೇ ಟಿ ಕಣಗಳನ್ನು ತಿದ್ದಿ ಕ್ಯಾನ್ಸರಿನ ಮೇಲೆ ಬಿಡುವ ಕಾರ್-ಟಿ ಚಿಕಿತ್ಸೆ. ಅದು ಬಿ ಕಣಗಳ ಮೇಲಿರುವ ಸಿಡಿ19 ಎಂಬ ಗುರುತನ್ನು ಹಿಡಿದು ಕೊಲ್ಲುತ್ತದೆ. ನನ್ನ ಕಾಯಿಲೆ ಮೈಲಾಯ್ಡ್ ಕಣಗಳದ್ದು, ಅವುಗಳ ಮೇಲೆ ಹಿಡಿಯಬಲ್ಲ ಗುರುತುಗಳು ಆರೋಗ್ಯವಂತ ರಕ್ತದ ಮೂಲಕಣಗಳ ಮೇಲೂ ಇರುವುದರಿಂದ ಆ ಬಾಣವನ್ನು ಹೂಡುವುದು ಸುಲಭವಲ್ಲ. ಲ್ಯುಕೇಮಿಯ ಎಂಬ ಒಂದೇ ಹೆಸರಿನಡಿ ಎಷ್ಟು ಬೇರೆ ಬೇರೆ ಕಾಯಿಲೆಗಳಿವೆ ಎಂಬುದನ್ನು ನೆಂಟರಿಗೆ ತಿಳಿಸುವ ಕೆಲಸವನ್ನು ಮಗನಿಗೆ ವಹಿಸಿದೆ.

ಕೊನೆಯದನ್ನು ಕೇಳಿದ್ದು ನಾನೇ. ಏನೂ ಮಾಡದಿದ್ದರೆ? ಹುಬ್ಬಳ್ಳಿಯವರು ಅನುವಾದಿಸುವ ಮೊದಲು ಹೆಂಡತಿಯ ಮುಖ ನೋಡಿದರು. ಏನೂ ಮಾಡದಿರುವುದು ಎಂಬುದಿಲ್ಲ, ರಕ್ತ, ಪ್ಲೇಟ್‌ಲೆಟ್, ಬಿಳಿಕಣ ಹತೋಟಿಯಲ್ಲಿಡುವ ಹೈಡ್ರಾಕ್ಸಿಯೂರಿಯ ಮಾತ್ರೆ, ನೋವಿಗೆ ಮದ್ದು ಇವಿಷ್ಟನ್ನೂ ಕೊಡುತ್ತೇವೆ, ಮನೆಯಲ್ಲಿರಬಹುದು, ತಿಂಗಳುಗಳ ಲೆಕ್ಕ, ಎಂದರು. ಹಲವರು ಅದನ್ನು ಆರಿಸುತ್ತಾರೆ, ತಪ್ಪೇನಿಲ್ಲ, ಎಂದೂ ಸೇರಿಸಿದರು. ಹಿಂದಿರುಗುವಾಗ ಟ್ಯಾಕ್ಸಿಯಲ್ಲಿ ಹೆಂಡತಿ, ನೀವು ಅದನ್ನು ಕೇಳಬಾರದಿತ್ತು, ಎಂದಳು. ಅದನ್ನು ಕೇಳಿದ್ದರಿಂದಲೇ ಉಳಿದದ್ದನ್ನು ನಾನು ಆರಿಸಿಕೊಂಡೆ ಎನ್ನಲು ಸಾಧ್ಯವಾಯಿತು ಎಂದು ನನಗನಿಸುತ್ತದೆ. ಈ ವಿಷಯದಲ್ಲಿ ನಮ್ಮಿಬ್ಬರ ಅಭಿಪ್ರಾಯ ಇನ್ನೂ ಕೂಡಿಲ್ಲ.

ಅಕ್ಕ ಮತ್ಸ್ಯಗಂಧದಲ್ಲಿ ಹೊರಟು ಬಂದಳು. ಮಸ್ಕತ್ತಿನಲ್ಲಿರುವ ತಮ್ಮ ಮಾದರಿ ಕಳಿಸಿದ. ಒಡಹುಟ್ಟಿದ ಒಬ್ಬೊಬ್ಬರೂ ಪೂರ್ತಿ ಹೊಂದುವ ಸಂಭವ ನಾಲ್ಕರಲ್ಲಿ ಒಂದು. ಇಬ್ಬರಿದ್ದರೆ ಒಬ್ಬರಾದರೂ ಹೊಂದುವ ಸಂಭವ ನೂರಕ್ಕೆ 44 ಎಂದು ಲೆಕ್ಕ ಹಾಕಿಟ್ಟೆ. ಯಾರೂ ಪೂರ್ತಿ ಹೊಂದದಿದ್ದರೆ ಅರ್ಧ ಹೊಂದುವ ಮಗನಿಂದಲೂ ಕಸಿ ಮಾಡುತ್ತಾರೆ ಎಂಬುದು ಗೊತ್ತಿದ್ದದ್ದರಿಂದ ಕೈ ಪೂರ್ತಿ ಖಾಲಿಯಿರಲಿಲ್ಲ. ವರದಿ ಬರಲು ಇನ್ನೂ ಸಮಯವಿತ್ತು. ಕಾಯದೆ, ಪರೇಲಿನ ಆಸುಪಾಸಿನಲ್ಲೇ ಹಾಸಿಗೆ ಸಿಕ್ಕಿದ ಇನ್ನೊಂದು ಆಸ್ಪತ್ರೆಯಲ್ಲಿ, ಜುಲೈ 29ರ ಸೋಮವಾರ ಫ್ಲ್ಯಾಗ್-ಐಡಾ ಶುರು ಮಾಡಿದೆವು.

ಇಷ್ಟು ದೊಡ್ಡ ಪ್ರಮಾಣದ ಸೈಟರಾಬಿನ್ ಕಿರುಮೆದುಳಿಗೆ ತಾಗಬಹುದು. ತಾಗಿದರೆ ಮಾತು ತೊದಲುತ್ತದೆ, ನಡಿಗೆ ಓಲಾಡುತ್ತದೆ, ಎಲ್ಲಕ್ಕೂ ಮೊದಲು ಅಕ್ಷರ ಕೆಡುತ್ತದೆ. ಆದ್ದರಿಂದ ಪ್ರತಿ ದಿನ ಔಷಧಿ ಹತ್ತಿಸುವ ಮೊದಲು ಒಂದೇ ಹಾಳೆಯ ಮೇಲೆ ಒಂದೇ ವಾಕ್ಯವನ್ನು ಬರೆಸುತ್ತಿದ್ದರು. ಯಾವ ಭಾಷೆಯಾದರೂ ಆದೀತು, ಆದರೆ ದಿನವೂ ಅದೇ ವಾಕ್ಯವಿರಬೇಕು ಎಂದರು ಕೇರಳದ ನರ್ಸ್. ಮನಸ್ಸಿಗೆ ಬಂದದ್ದನ್ನು ಬರೆದೆ: ಎಂಟು ಹನ್ನೆರಡರ ಫಾಸ್ಟ್ ಲೋಕಲ್ ಇವತ್ತು ನಾಲ್ಕು ನಿಮಿಷ ತಡ. ನಿಮ್ಮ ಅಕ್ಷರ ನಮ್ಮದರಂತೆ ಗುಂಡಗಿದೆ, ನಡುಕ ಬಂದರೆ ಬೇಗ ಸಿಕ್ಕಿಬೀಳುತ್ತದೆ, ಎಂದರು ಅವರು. ಕಣ್ಣಿಗೆ ಉರಿ ಹತ್ತದಂತೆ ಆರು ಗಂಟೆಗೊಮ್ಮೆ ಸ್ಟಿರಾಯ್ಡ್ ಹನಿ ಬಿಡುತ್ತಿದ್ದರು, ಹಾಗಾಗಿ ಬರೆಯುವಾಗ ಹಾಳೆ ಸ್ವಲ್ಪ ಮಂಜಾಗಿಯೇ ಕಾಣುತ್ತಿತ್ತು.

ಮೂರು ದಿನ ಸಾಲುಗಳು ಒಂದರ ಕೆಳಗೊಂದು ನೆಟ್ಟಗೆ ಕುಳಿತವು. ಸೈಟರಾಬಿನ್ ಶುರುವಾದ ನಾಲ್ಕನೆಯ ದಿನ, ಶುಕ್ರವಾರ, ವಾಕ್ಯ ಬಲಕ್ಕೆ ಹೋಗುತ್ತ ಇಳಿಜಾರಾಯಿತು. ತಡ ಎಂಬ ಎರಡು ಅಕ್ಷರಗಳು ಕೆಳಗಿನ ಅಂಚಿಗೆ ಜಾರಿದ್ದವು, ನಾಲ್ಕು ಎಂಬಲ್ಲಿನ ಒತ್ತು ಮೇಲಿನ ಅಕ್ಷರದಿಂದ ಕಳಚಿಕೊಂಡು ಬೇರೆ ನಿಂತಿತ್ತು. ನರ್ಸ್ ಹಾಳೆಯನ್ನು ಬೆಳಕಿಗೆ ಹಿಡಿದು ನೋಡಿ, ಏನೂ ಹೇಳದೆ, ಹತ್ತಿಸಬೇಕಾಗಿದ್ದ ಬಾಟಲಿಯನ್ನು ಟ್ರೇಗೆ ಹಿಂದಿಟ್ಟು ವೈದ್ಯರನ್ನು ಕರೆಯಲು ಹೋದರು. ಬಂದವರು ನನ್ನ ಬೆರಳನ್ನು ಮೂಗಿನಿಂದ ಅವರ ಬೆರಳಿಗೆ, ಅಲ್ಲಿಂದ ಮೂಗಿಗೆ ಓಡಿಸಿದರು, ಕಣ್ಣುಗುಡ್ಡೆ ಅದುರುತ್ತದೆಯೇ ನೋಡಿದರು, ಹಿಮ್ಮಡಿಗೆ ಹೆಬ್ಬೆರಳು ಹಚ್ಚಿ ಹಾಸಿಗೆಯಿಂದ ಬಾಗಿಲವರೆಗೆ ನಡೆಸಿದರು. ನಿಲ್ಲಿಸಬೇಕಾಗಿ ಬಂದರೆ ಈ ಮದ್ದು ಮತ್ತೆಂದೂ ಇಷ್ಟು ಪ್ರಮಾಣದಲ್ಲಿ ನನಗೆ ಸಿಗುವುದಿಲ್ಲ ಎಂಬುದು ಗೊತ್ತಿದ್ದದ್ದರಿಂದ ಆ ಹತ್ತು ಹೆಜ್ಜೆಗಳನ್ನು ನಾನು ಊರಿನ ಗದ್ದೆಯ ಹುಣಿಯ ಮೇಲೆ ನಡೆಯುವಷ್ಟು ಜಾಗ್ರತೆಯಿಂದ ನಡೆದೆ. ಎಲ್ಲವೂ ಸರಿಯಿತ್ತು. ಆಮೇಲೆ ಹೊಳೆಯಿತು: ಹಿಂದಿನ ದಿನಗಳಲ್ಲಿ ಊಟದ ಮೇಜಿನ ಮೇಲಿಟ್ಟು ಬರೆದಿದ್ದೆ, ಅಂದು ಸುಸ್ತಾಗಿ ಮಲಗಿದಲ್ಲೇ ಮೊಣಕಾಲಿನ ಮೇಲೆ ಹಾಳೆಯಿಟ್ಟಿದ್ದೆ. ಮೇಜಿನ ಮೇಲಿಟ್ಟು ಇನ್ನೊಮ್ಮೆ ಬರೆಸಿದರು. ಸಾಲು ನೆಟ್ಟಗಾಯಿತು. ಮದ್ದು ಎರಡು ಗಂಟೆ ತಡವಾಗಿ ಹತ್ತಿತು.

ಆಗಸ್ಟ್ 3ಕ್ಕೆ ಔಷಧಿ ಮುಗಿದು, ಆಗಸ್ಟ್ 9ಕ್ಕೆ ಜ್ವರ ಬಂತು. ಬಿಳಿಕಣ 100ಕ್ಕಿಂತ ಕೆಳಗಿತ್ತು. ಇಂಥ ಜ್ವರಕ್ಕೆ ಒಂದು ಗಂಟೆಯೊಳಗೆ ಆ್ಯಂಟಿಬಯಾಟಿಕ್ ಬೀಳಬೇಕೆಂಬುದು ನಿಯಮ, ಬಿತ್ತು. ಆದರೆ ರಕ್ತದಲ್ಲಿ ಬೆಳೆದ ಕ್ಲೆಬ್ಸಿಯೆಲ್ಲ ಮೆರೊಪೆನಮ್‌ಗೂ ಬಗ್ಗದ ಜಾತಿಯದು. ಈ ಬ್ಯಾಕ್ಟೀರಿಯವೂ ನಿಮ್ಮ ಅಪ್ಪನ ಇಟ್ಟಿಗೆಯೇ ಎಂದಳು ಹೆಂಡತಿ. ಆ ವಾರದಲ್ಲಿ ನಾವು ನಕ್ಕದ್ದು ಅದೊಂದೇ ಸಲ. ಮದ್ದು ಬದಲಿಸಿದರು. ಎದೆಯ ಸಿಟಿ ಸ್ಕ್ಯಾನಿನಲ್ಲಿ ಫಂಗಸ್ಸಿನ ಶಂಕೆ ಬಂದು ವೊರಿಕೊನಜೋಲ್ ಸೇರಿಸಿದರು. ಬಿಲ್ಲಿನ ಬಗ್ಗೆ ಒಂದು ಮಾತು: ಕೀಮೊ ಔಷಧಿಗಳ ಮೊತ್ತಕ್ಕೆ ಹಣ ಹೊಂದಿಸಿಕೊಂಡು ಹೋದವನಿಗೆ, ಅದಕ್ಕಿಂತ ದೊಡ್ಡ ಮೊತ್ತ ಸೋಂಕಿನ ಮದ್ದು ಮತ್ತು ಪ್ಲೇಟ್‌ಲೆಟ್‌ಗಳದ್ದು ಎಂದು ಗೊತ್ತಾದದ್ದು ಕೊನೆಯಲ್ಲಿ. ಎರಡನೆಯ ಕೀಮೊಗೆ ಹೊರಡುವವರು ಮೊದಲೇ ಆ ಎರಡು ತಲೆಬರಹಗಳಡಿ ಹಣ ಎತ್ತಿಡುವುದು ಒಳ್ಳೆಯದು.

ಪ್ಲೇಟ್‌ಲೆಟ್ ಕೊಟ್ಟವರು ಬಹುಪಾಲು ಮಾಟುಂಗ, ದಾದರಿನ ಹೋಟೆಲುಗಳಲ್ಲಿ ಕೆಲಸ ಮಾಡುವ ನಮ್ಮ ಕಡೆಯ ಹುಡುಗರು. ಮಧ್ಯಾಹ್ನದ ಊಟದ ಗಲಾಟೆ ಮುಗಿಸಿ ಮೂರು ಗಂಟೆಗೆ ಬಂದು, ಯಂತ್ರಕ್ಕೆ ಕೈ ಕೊಟ್ಟು ಒಂದೂವರೆ ಗಂಟೆ ಮಲಗಿ, ಸಂಜೆಯ ತಿಂಡಿಯ ಹೊತ್ತಿಗೆ ಹಿಂದಿರುಗುತ್ತಿದ್ದರು. ಬೈಂದೂರಿನ ಒಬ್ಬನನ್ನು ಹಿಂದಿನ ದಿನ ತಲೆನೋವಿಗೆ ಆಸ್ಪಿರಿನ್ ನುಂಗಿದ್ದನೆಂದು ವಾಪಸು ಕಳಿಸಿದರು, ಅದು ಪ್ಲೇಟ್‌ಲೆಟ್ಟನ್ನು ಮಂಕಾಗಿಸುತ್ತದೆ. ಅವನು ತಾನೇ ತಪ್ಪು ಮಾಡಿದವನಂತೆ ನನ್ನ ಹೆಂಡತಿಯ ಕ್ಷಮೆ ಕೇಳಿ ಹೋಗಿ, ಮುಂದಿನ ವಾರ ಮತ್ತೆ ಬಂದ. ನಾನೇ ಕೊಡುತ್ತೇನೆ ಎಂದು ಬಂದ ಅಕ್ಕನನ್ನೂ ಅವರು ಒಪ್ಪಲಿಲ್ಲ. ಮುಂದೆ ಅವಳ ಮ್ಯಾರೋ ಬೇಕಾಗುವುದಿದ್ದರೆ ಈಗ ಅವಳ ರಕ್ತ ನನ್ನ ಮೈಗೆ ಪರಿಚಯವಾಗಕೂಡದು, ಪರಿಚಯವಾದರೆ ಮೈ ಅದನ್ನು ತಿರಸ್ಕರಿಸಲು ಕಲಿತುಬಿಡಬಹುದು ಎಂದು ತಿಳಿಸಿದರು. ಅಕ್ಕ ಅದರ ಬದಲು ಕುಚ್ಚಲಕ್ಕಿ ಗಂಜಿ ಬೇಯಿಸುವ ಕೆಲಸ ಹಿಡಿದಳು. ಮೊಸರು, ಉಪ್ಪಿನಕಾಯಿ, ಹಸಿ ಕಾಯಿಯ ಚಟ್ನಿ ಯಾವುದೂ ಕೂಡದು ಎಂದಿದ್ದರಿಂದ ಆ ಗಂಜಿಗೆ ಉಪ್ಪು ಬಿಟ್ಟರೆ ಬೇರೆ ಜೊತೆಯಿರಲಿಲ್ಲ. ಎಚ್‌ಎಲ್‌ಎ ವರದಿ ಬಂದದ್ದು ಆಗಸ್ಟ್ ಮಧ್ಯದಲ್ಲಿ: ತಮ್ಮ ಅರ್ಧ, ಅಕ್ಕ ಪೂರ್ತಿ.

ಬಿಳಿಕಣಗಳು ತಾವಾಗಿ ಮೇಲೇಳಲು ಆಗಸ್ಟ್ ಕೊನೆಯಾಯಿತು. ಮ್ಯಾರೋ ತೆಗೆದದ್ದು ಸೆಪ್ಟೆಂಬರ್ 5, ಗುರುವಾರ. ಶನಿವಾರ ಗಣೇಶ ಚತುರ್ಥಿ. ಲಾಲ್‌ಬಾಗ್ ಕೂಗಳತೆಯಲ್ಲಿದ್ದುದರಿಂದ ಢೋಲು ತಾಶೆಯ ಸದ್ದು ಮುಚ್ಚಿದ ಕಿಟಕಿಯೊಳಗೂ ಬರುತ್ತಿತ್ತು, ಲ್ಯಾಬಿನಲ್ಲಿ ಅರ್ಧ ಜನ ರಜೆಯಲ್ಲಿದ್ದರು. ವರದಿ ಸಿಕ್ಕಿದ್ದು ಮಂಗಳವಾರ. ಬ್ಲಾಸ್ಟ್ 3. ಈ ಸಲ ನಾನು ಯಾರಿಗೂ ಫೋನು ಮಾಡದೆ ವೈದ್ಯರಿಗಾಗಿ ಕಾದೆ. ರೆಮಿಷನ್ ಹೌದು, ಎಂದರು ಅವರು, ಆದರೆ ಸೂಕ್ಷ್ಮದರ್ಶಕಕ್ಕೆ ಕಾಣದ್ದನ್ನು ಹುಡುಕುವ ಫ್ಲೋ ಪರೀಕ್ಷೆಯಲ್ಲಿ ನೂರಕ್ಕೆ 0.4ರಷ್ಟು ರೋಗದ ಕಣಗಳು ಇನ್ನೂ ಸಿಗುತ್ತಿವೆ. ಮತ್ತೊಂದು ಸುತ್ತು ಕೀಮೊ ಕೊಟ್ಟು ಅದನ್ನು ಸೊನ್ನೆ ಮಾಡಹೋದರೆ ಸೋಂಕಿಗೆ ಇನ್ನೊಂದು ಅವಕಾಶ ಕೊಟ್ಟಂತೆ, ಸ್ಕ್ಯಾನಿನಲ್ಲಿ ಕಂಡ ಎದೆಯೊಳಗಿನ ಮಚ್ಚೆ ಆರುತ್ತಿದ್ದಂತೆ ನೇರವಾಗಿ ಕಸಿಗೆ ಹೋಗೋಣ. ಒಪ್ಪಿದೆವು.

ಕಸಿಯ ಕಥೆ ಬೇರೆಯದೇ, ಇಲ್ಲಿಗೆ ಬೇಡ. ಅಕ್ಟೋಬರ್ 18ರಂದು ಅಕ್ಕನ ಮೂಲಕಣಗಳ ಚೀಲ ಮುಕ್ಕಾಲು ಗಂಟೆಯಲ್ಲಿ ನನ್ನೊಳಗೆ ಇಳಿಯಿತು. ದೀಪಾವಳಿಯ ದಿನ, ಸೋಂಕು ತಡೆಯುವ ನ್ಯೂಟ್ರೋಫಿಲ್ ಎಂಬ ಬಿಳಿಕಣಗಳು 500 ದಾಟಿದವು. ಮೂರು ತಿಂಗಳ ಮ್ಯಾರೋದಲ್ಲಿ ಆ 0.4 ಕಾಣಲಿಲ್ಲ, ವರ್ಷದ ಮ್ಯಾರೋದಲ್ಲೂ ಕಾಣಲಿಲ್ಲ. ಎರಡು ವರ್ಷ ತುಂಬುವವರೆಗೆ ಮರಳುವ ಭಯ ಹೆಚ್ಚೆಂದು ಹೇಳಿರುವುದರಿಂದ ಎರಡು ತಿಂಗಳಿಗೊಮ್ಮೆ ಹೋಗಿ ಪರೀಕ್ಷೆಗೆ ರಕ್ತ ಕೊಟ್ಟು ಬರುತ್ತೇನೆ. ಎಂಟು ಹನ್ನೆರಡರ ನೂಕುನುಗ್ಗಲಿಗೆ ಇನ್ನೂ ಅನುಮತಿಯಿಲ್ಲ. ಕಚೇರಿಗೆ ಹೋಗುವುದು ಹನ್ನೊಂದರ ಮೇಲಿನ ಗಾಡಿಯಲ್ಲಿ, ಮಾಸ್ಕ್ ಹಾಕಿಕೊಂಡು.

ಕಸಿಯಾಗಿ ಕೆಲವು ತಿಂಗಳಲ್ಲಿ ನನ್ನ ರಕ್ತದ ಗುಂಪು ಬದಲಾಯಿತು. ಬಿ ಪಾಸಿಟಿವ್ ಇದ್ದವನು ಅಕ್ಕನಂತೆ ಓ ಪಾಸಿಟಿವ್ ಆದೆ. ಕಚೇರಿಯ ಗುರುತಿನ ಚೀಟಿಯಲ್ಲಿ ಹಳೆಯದೇ ಇತ್ತು, ತಿದ್ದಿಸಲು ಅರ್ಜಿ ಕೊಟ್ಟೆ. ಬದಲಾವಣೆಗೆ ಕಾರಣ ಎಂಬ ಕಲಮಿನಲ್ಲಿ ಆರಿಸಿಕೊಳ್ಳಲು ಎರಡೇ ಇದ್ದವು, ವಿಳಾಸ ಬದಲಾವಣೆ ಮತ್ತು ಮುದ್ರಣದೋಷ. ಮುದ್ರಣದೋಷಕ್ಕೆ ಗುರುತು ಹಾಕಿದೆ. ಹೊಸ ಚೀಟಿ ಒಂದು ವಾರದಲ್ಲಿ ಬಂತು.